ಅರ್ದಿಯಾದ ಹಿಂಬಾಗಿಲು ಮತ್ತು ಚಂಡಮಾರುತ

ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷಗಳಾಗಿದ್ದವು. ಕುವೈತಿನ ಅರ್ದಿಯಾದ ಒಂದು ಗೋದಾಮಿನಲ್ಲಿ ನಾನು ಗುಮಾಸ್ತ. ಟೈಪಿಂಗಿನಲ್ಲಿ ತಪ್ಪು ಕಡಿಮೆ ಎಂಬ ಏಕೈಕ ಅರ್ಹತೆಯ ಮೇಲೆ ನನ್ನನ್ನು ವಿಪತ್ತು ನಿರ್ವಹಣಾಧಿಕಾರಿಯನ್ನಾಗಿ ಮಾಡಲಾಯಿತು. ಪಟ್ಟಾಭಿಷೇಕಕ್ಕೆ ಹಳದಿ ಟೊಪ್ಪಿಗೆ, ಒಂದು ಸೀಟಿ ಮತ್ತು ಇನ್ನೂರು ಪುಟಗಳ ಕೈಪಿಡಿ.

ಕೈಪಿಡಿ ನಮ್ಮದಲ್ಲ. ಕಂಪನಿಗೆ ದೂರದ ದ್ವೀಪದೇಶವೊಂದರಲ್ಲಿ ಶಾಖೆಯಿತ್ತು. ಅಲ್ಲಿ ಚಂಡಮಾರುತ ಮಾಮೂಲು, ನಡುನಡುವೆ ಭೂಕಂಪ, ಬಿಡುವಾದಾಗ ಜ್ವಾಲಾಮುಖಿ. ಅಲ್ಲಿನವರು ಪೆಟ್ಟು ತಿಂದು ಕಲಿತದ್ದನ್ನು ಚೆನ್ನಾಗಿಯೇ ಬರೆದಿದ್ದರು. ನಮ್ಮ ಹೆಡ್ಡಾಫೀಸು ದೇಶದ ಹೆಸರನ್ನು ಮಾತ್ರ ಬದಲಿಸಿ, ಸುರುಳಿ ತಂತಿ ಹಾಕಿಸಿ ಕಳುಹಿಸಿತ್ತು. ಹೀಗಾಗಿ ಕುವೈತಿನಲ್ಲಿ ಜ್ವಾಲಾಮುಖಿ ಸಿಡಿದರೆ ಏನು ಮಾಡಬೇಕೆಂದು ಬಲ್ಲವನು ನಾನೊಬ್ಬನೇ. ಸುಳ್ಳೇಕೆ ಹೇಳಲಿ, ಬೂದಿ ಗುಡಿಸುವ ಅಧ್ಯಾಯ ಧೂಳುಗಾಳಿಯ ದಿನಗಳಲ್ಲಿ ಉಪಯೋಗಕ್ಕೆ ಬಂತು.

ನನ್ನ ತಲೆನೋವು ಬೇರೆ. ಗೋದಾಮಿನ ಮಹಡಿಯಲ್ಲಿ ಹದಿನೆಂಟು ಮಂದಿ ಕೆಲಸಗಾರರು ವಾಸವಿದ್ದರು. ಕೆಳಗೆಲ್ಲ ರಟ್ಟು, ಥರ್ಮಾಕೋಲ್, ಅಡುಗೆ ಎಣ್ಣೆ. ಮುಂದಿನ ಮೆಟ್ಟಿಲ ಬುಡದಲ್ಲೇ ಕರೆಂಟಿನ ಬೋರ್ಡು. ಹಿಂದೆ ಇನ್ನೊಂದು ಮೆಟ್ಟಿಲು, ಅದರ ಕೊನೆಗೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಬೀಗ. ಹಿಂದೊಮ್ಮೆ ಅಲ್ಲಿಂದ ಎರಡು ಪೆಟ್ಟಿಗೆ ಟ್ಯೂನಾ ಮೀನು ನಡೆದುಹೋಗಿತ್ತಂತೆ. ಅಂದಿನಿಂದ ಬೀಗದ ಕೈ ಮ್ಯಾನೇಜರರ ಡ್ರಾಯರಿನಲ್ಲಿ, ಡ್ರಾಯರು ಮುಕ್ಕಾಲು ಗಂಟೆ ದೂರದ ಆಫೀಸಿನಲ್ಲಿ.

ಬೆಂಕಿ ಬಿದ್ದರೆ ಗತಿಯೇನು ಎಂದು ಮೂರು ಪತ್ರ ಬರೆದೆ. ಮ್ಯಾನೇಜರು ಉಡುಪಿ ಕಡೆಯವರು, ಶಿಸ್ತಿನ ಮನುಷ್ಯ, ಕೈಪಿಡಿಯಲ್ಲಿಲ್ಲದ್ದನ್ನು ಮಾಡುವವರಲ್ಲ.

“ಹಿಂಬಾಗಿಲಿನ ಬೀಗದ ವಿಷಯ ಯಾವ ಪೇಜಿನಲ್ಲುಂಟು, ತೋರಿಸಿ ಮಾರಾಯ್ರೆ” ಎಂದರು.

ಎಲ್ಲೂ ಇರಲಿಲ್ಲ. ಮಲಗಿದವರನ್ನು ಒಳಗಿಟ್ಟು ಬೀಗ ಹಾಕುವ ಜನರನ್ನು ಆ ದ್ವೀಪದವರು ಊಹಿಸಿರಲಿಕ್ಕಿಲ್ಲ.

ವರ್ಷಕ್ಕೊಂದು ಅಣಕು ಕವಾಯತು ಕಡ್ಡಾಯ. ವಿಪತ್ತನ್ನು ಆರಿಸುವ ಹಕ್ಕು ಮ್ಯಾನೇಜರರದು. ಬೆಂಕಿ ಎಂದರೆ ಬಾಗಿಲು ತೆರೆಯಬೇಕು. ಚಂಡಮಾರುತವಾದರೆ ಬಾಗಿಲು ಮುಚ್ಚಿ ಒಳಗೆ ಕೂತರಾಯಿತು. ಅವರು ಚಂಡಮಾರುತವನ್ನು ಆರಿಸಿದರು. ಎಲೆಯೂ ಅಲುಗದ ಜುಲೈ ತಿಂಗಳ ಒಂದು ಬೆಳಿಗ್ಗೆ ನಾನು ಸೀಟಿ ಊದಿದೆ. ಹದಿನೆಂಟು ಮಂದಿ ಮೇಜುಗಳಡಿ ಕುಕ್ಕರಗಾಲಿನಲ್ಲಿ ಕೂತರು. ಪ್ರಾಣಹಾನಿ ಇಲ್ಲವೆಂದು ವರದಿ ಹೋಯಿತು.

ಆ ಹದಿನೆಂಟರಲ್ಲಿ ಬಂಟ್ವಾಳದ ಬ್ಯಾರಿ ಸ್ಟೋರ್‌ಕೀಪರೂ ಒಬ್ಬರು. ಮೇಜಿನಡಿಯಿಂದಲೇ, ಗಾಳಿ ಎಷ್ಟು ಗಂಟೆಗೆ ಬರುತ್ತದೆ, ಇಲ್ಲಿ ಎಸಿಯೇ ಸರಿ ಬರುವುದಿಲ್ಲ ಎಂದು ವಿಚಾರಿಸಿದ್ದರು. ಮುಗಿದ ಮೇಲೆ ನನ್ನನ್ನು ಬದಿಗೆ ಕರೆದರು.

“ತಮಾಷೆ ಬಿಡಿ ಸಾರ್. ಆ ಬೋರ್ಡಿಂದ ಸುಟ್ಟ ವಾಸನೆ ಬರ್ತಾ ಉಂಟು. ನಾವು ಮೇಲೆ ಮಲಗುವವರು. ನಿಮ್ಮ ಪುಸ್ತಕಕ್ಕೆ ಸ್ವಲ್ಪ ಹೇಳಿ.”

ಬೋರ್ಡಿನ ಬಗ್ಗೆ ನಾಲ್ಕನೆಯ ಪತ್ರ ಬರೆದೆ. ಎಲೆಕ್ಟ್ರಿಷಿಯನ್ ಬರುತ್ತಾನೆಂದು ಉತ್ತರ ಬಂತು, ಎಲೆಕ್ಟ್ರಿಷಿಯನ್ ಬರಲಿಲ್ಲ. ಕಡೆಗೆ ಸುರುಳಿ ಬಿಚ್ಚಿ, ಚಂಡಮಾರುತದ ಅಧ್ಯಾಯದ ಒಂದು ಪುಟವನ್ನು ಅದೇ ಅಕ್ಷರದಲ್ಲಿ ಹೊಸದಾಗಿ ಟೈಪು ಮಾಡಿದೆ. ಒಂದು ವಾಕ್ಯ ಹೆಚ್ಚಿಗೆ: ಒಳಗಿನ ವಾಯುಭಾರ ಸರಿದೂಗುವ ಸಲುವಾಗಿ ಹಿಂಬಾಗಿಲನ್ನು ಮುಚ್ಚತಕ್ಕದ್ದು, ಆದರೆ ಯಾವ ಕಾಲಕ್ಕೂ ಬೀಗ ಹಾಕತಕ್ಕದ್ದಲ್ಲ. ವಾಯುಭಾರದ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ.

ಪುಟವನ್ನು ಸುರುಳಿಗೆ ಸೇರಿಸಿ ಕೈಪಿಡಿಯನ್ನು ಮ್ಯಾನೇಜರರ ಮುಂದೆ ಬಿಚ್ಚಿಟ್ಟೆ. ಅವರು ಎರಡು ಸಲ ಓದಿದರು. ಇಷ್ಟು ಮುಖ್ಯವಾದ ನಿಯಮ ಇಷ್ಟು ದಿನ ಕಣ್ಣಿಗೆ ಬೀಳಲಿಲ್ಲವೇ ಎಂದು ನನಗೆ ಲಿಖಿತ ಎಚ್ಚರಿಕೆ ಕೊಟ್ಟು, ಡ್ರೈವರನ ಕೈಯಲ್ಲಿ ಬೀಗದ ಕೈ ಕಳುಹಿಸಿದರು.

ಸೆಪ್ಟೆಂಬರಿನ ಒಂದು ಶುಕ್ರವಾರ, ಊಟ ಮುಗಿಸಿ ಎಲ್ಲರೂ ಮಲಗಿದ್ದಾಗ ಬೋರ್ಡು ಹೊತ್ತಿಕೊಂಡಿತು. ಫೋನು ಬಂದು ನಾನು ಓಡಿ ಹೋಗುವಷ್ಟರಲ್ಲಿ ಮುಂದಿನ ಮೆಟ್ಟಿಲು ಹೊಗೆಯಲ್ಲಿ ಕಾಣುತ್ತಿರಲಿಲ್ಲ. ಹಿತ್ತಲಲ್ಲಿ ಸ್ಟೋರ್‌ಕೀಪರು ತಲೆ ಎಣಿಸುತ್ತಿದ್ದರು. ನಂಬಿಕೆ ಸಾಲದೆ ಇನ್ನೊಮ್ಮೆ ಎಣಿಸಿದರು. ಹದಿನೆಂಟು.

ಮೈದಾನ್ ಹವಲ್ಲಿಯ ಮನೆಯಿಂದ ಮ್ಯಾನೇಜರು ಬಂದಾಗ ಅಗ್ನಿಶಾಮಕದವರು ಪೈಪು ಸುತ್ತುತ್ತಿದ್ದರು. ತೆರೆದ ಬಾಗಿಲನ್ನು ನೋಡಿ, ಚಂಡಮಾರುತದ ನಿಯಮ ಬೆಂಕಿಗೂ ಆಗುತ್ತದೆಂದು ಗಂಭೀರವಾಗಿ ಅಪ್ಪಣೆ ಕೊಡಿಸಿದರು. ನಾನು ಹಲ್ಲು ಕಚ್ಚಿಕೊಂಡು ತಲೆಯಾಡಿಸಿದೆ.

ಅವರು ಅತ್ತ ಹೋದ ಮೇಲೆ ಸ್ಟೋರ್‌ಕೀಪರು, ಕಾದ ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕಾಲು ಬದಲಿಸುತ್ತ, ನನ್ನ ಕಿವಿಯ ಹತ್ತಿರ ಬಂದರು. ನಾನು ಅವರಿಗೆ ಏನೂ ಹೇಳಿರಲಿಲ್ಲ.

“ಸಾರ್, ಇನ್ನೊಮ್ಮೆ ಟೈಪ್ ಮಾಡುವಾಗ, ಚಪ್ಪಲಿ ಬಾಗಿಲ ಹತ್ರ ಇಡ್ಬೇಕೂಂತ ಒಂದು ಲೈನ್ ಹಾಕಿ.”