ಕೌಟುಂಬಿಕ ಕಾರಣಗಳಿಂದ

ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂದಿತ್ತು, ಊರು ಆರಿಸಿಕೊಳ್ಳುವ ಕೌನ್ಸೆಲಿಂಗಿಗೆ ಹಾಸನಕ್ಕೆ ಹೋಗಿದ್ದೆ. ನನ್ನ ಸರದಿ ಬರುವಷ್ಟರಲ್ಲಿ ಉಳಿದಿದ್ದು ದೂರದ ಊರುಗಳೇ. ಅದರಲ್ಲಿ ಹತ್ತಿರದ್ದೆಂದರೆ ಮಲ್ಲಿಪಟ್ಟಣ. ನಮ್ಮ ಹೊಳೆನರಸೀಪುರದಿಂದ ಎರಡು ಬಸ್ಸು, ಮನೆ ಸೇರುವಾಗ ರಾತ್ರಿ ಏಳೂವರೆ. ಗಂಡನಿಗೆ ಫೋನ್ ಮಾಡಿದೆ.

"ನಿನ್ನಿಷ್ಟ ಕಣೆ. ನಾನೇನು ಬ್ಯಾಡ ಅಂದ್ನಾ?" ಅಂದರು. ಫೋನ್ ಇಡುವ ಮುಂಚೆ, "ಅಲ್ಲಾ, ಅವ್ವ ಏಳಕ್ಕೇ ಮುದ್ದೆ ಉಣ್ಣೋದು. ಅದೊಂದ್ ನೋಡ್ಕೊಂಡ್ಬುಡು."

ನಮ್ಮ ಮನೆಯಲ್ಲಿ ಮುದ್ದೆ ಒಲೆಯಿಂದ ಇಳಿದು ನೇರ ತಟ್ಟೆಗೆ ಬರಬೇಕು. ಆರಿದ್ದನ್ನು ಯಾರೂ ಮುಟ್ಟುವುದಿಲ್ಲ. ನನ್ನ ಗಂಡ ಒಂದು ದಿನವೂ ಮುದ್ದೆಕೋಲು ಹಿಡಿದವರಲ್ಲ. ನಾನೂ ಒಂದು ದಿನ ಕೈಗೆ ಕೊಟ್ಟವಳಲ್ಲ.

ಪಕ್ಕದ ಕುರ್ಚಿಯ ಮೇಡಂ ಬಡ್ತಿ ಬೇಡವೆಂದು ಪತ್ರ ಬರೆಯುತ್ತಿದ್ದರು. ಆ ಸಾಲಿನಲ್ಲಿ ನಾವು ನಾಲ್ವರು ಹೆಂಗಸರು, ನಾಲ್ವರದೂ ಅದೇ ಪತ್ರ. ನಕಲು ಹೊಡೆದ ಮಕ್ಕಳನ್ನು ಹೊರಗೆ ನಿಲ್ಲಿಸುವ ನಾವೇ ಒಬ್ಬರದು ನೋಡಿ ಒಬ್ಬರು ಬರೆದೆವು. 'ಕೌಟುಂಬಿಕ ಕಾರಣಗಳಿಂದ' ಎಂಬುದನ್ನು ಮಾತ್ರ ನಾನು ನೋಡದೆ ಬರೆದೆ.

ಮಲ್ಲಿಪಟ್ಟಣ ನನ್ನ ಹಿಂದಿದ್ದ ಮೇಷ್ಟರಿಗೆ ಹೋಯಿತು. ಅವರದೂ ಹೊಳೆನರಸೀಪುರ, ಅವೇ ಎರಡು ಬಸ್ಸು. ಅವರ ಅವ್ವ ಎಷ್ಟು ಹೊತ್ತಿಗೆ ಉಣ್ಣುತ್ತಾರೆಂದು ಯಾರೂ ಯೋಚಿಸಲಿಲ್ಲ.

ವಾಪಸು ಬರುವಾಗ ಬಸ್ಸು ತುಂಬ ಜನ, ನನಗೆ ಮಾತ್ರ ವಿಪರೀತ ಒಂಟಿ ಅನ್ನಿಸಿತು. ಯಾರಾದರೂ ಗದರಿಸಿ ತಡೆದಿದ್ದರೆ ಜಗಳವಾದರೂ ಆಡಬಹುದಿತ್ತು. ಮನೆಯಲ್ಲಿ ಏನಾಯಿತೆಂದು ಸಹ ಯಾರೂ ಕೇಳಲಿಲ್ಲ. ಏಳಕ್ಕೆ ಸರಿಯಾಗಿ ಮುದ್ದೆ ಬಂದಿತ್ತಲ್ಲ! ಆ ವರ್ಷ ಶಾಲೆಯ ಮಹಿಳಾ ದಿನಾಚರಣೆಯಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡಿದವಳೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಚಪ್ಪಾಳೆ ಜೋರಾಗಿಯೇ ಬಿತ್ತು, ನನಗೆ ನಾಚಿಕೆಯಾಯಿತು.

ಈಗ ಅತ್ತೆ ಇಲ್ಲ, ನಾನು ನಿವೃತ್ತಳು. ಕಳೆದ ತಿಂಗಳು ಒಂದು ಮಧ್ಯಾಹ್ನ ಚನ್ನರಾಯಪಟ್ಟಣದಿಂದ ಮಗಳು ಫೋನ್ ಮಾಡಿದಳು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ಬಡ್ತಿ ಸಿಕ್ಕಿದೆಯಂತೆ, ದೂರದ ಕೊಣನೂರಿಗೆ. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು.

"ಅಮ್ಮಾ, ಓಗ್ಲಾ?"

ಹೋಗು ಎನ್ನಲೆಂದೇ ಬಾಯಿ ತೆರೆದೆ. ಆ ಮಾತನ್ನು ಯಾರಿಗಾದರೂ ಹೇಳಬೇಕೆಂದು ಎಷ್ಟು ವರ್ಷ ಕಾದಿದ್ದೆ!

"ನಿನ್ನಿಷ್ಟ ಕಣವ್ವಾ," ಅಂದೆ. "ಅಲ್ಲಾ, ಮಗೀಗೆ ಸಂಜೆ ಊಟ ಯಾರು ಆಕ್ತಾರೆ?"

"ಸರಿ ಬುಡಮ್ಮಾ," ಎಂದು ಇಟ್ಟುಬಿಟ್ಟಳು.

ಮಧ್ಯಾಹ್ನವೆಲ್ಲ ಫೋನ್ ಹಿಡಿದು ಕೂತಿದ್ದೆ, ಒತ್ತಲು ಧೈರ್ಯ ಬರಲಿಲ್ಲ. ಕೊನೆಗೆ ಹೋಗು ಎಂದು ಹೇಳಲು ಮೂರು ಸಲ ಮಾಡಿದೆ. ಎತ್ತಲಿಲ್ಲ. ಸಂಜೆ ಏಳಾಗಿತ್ತು, ಮಗುವಿಗೆ ಊಟ ಹಾಕುತ್ತಿದ್ದಿರಬೇಕು.