ಡೊಮಿತಿಲಾಳ ಎಡ ಹಿಮ್ಮಡಿ

ಸಂಜೆ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಡೊಮಿತಿಲಾ ಗೋಯೊ ತನ್ನ ಹಿತ್ತಿಲಿನಲ್ಲಿ ಬೇಕೆಂದೇ ಸೋಲುತ್ತಿದ್ದಳು. ಹೊತ್ತಿನ ಲೆಕ್ಕ ತಪ್ಪುವಂತಿರಲಿಲ್ಲ. ಮಣ್ಣಿನ ಒಲೆಯೊಳಗೆ ಅಸೆಮಿತಾ ರೊಟ್ಟಿಗಳಿದ್ದವು. ಐದೂ ಇಪ್ಪತ್ತಕ್ಕೆ ಹೊರತೆಗೆಯದಿದ್ದರೆ ಅವುಗಳೊಳಗಿನ ಬೆಲ್ಲ ಸೀದುಹೋಗುತ್ತಿತ್ತು. ಅಷ್ಟರೊಳಗೆ ಮೈದುನ ಏವರಿಸ್ತೊನ ಕೈಯಲ್ಲಿ ಇನ್ನೊಂದು ಸಲ ಸೋಲಬೇಕಿತ್ತು, ಅವನಿಗೆ ಅನುಮಾನ ಬಾರದ ಹಾಗೆ.

ಏವರಿಸ್ತೊನ ದೊಣ್ಣೆ ಅವಳ ಕಿವಿಯತ್ತ ಬೀಸಿ ಬಂತು. ಕೊನೆಯ ಗೇಣಿನಲ್ಲಿ ಕೊಂಚ ನಿಧಾನವಾಯಿತು. ಕೊಂಚವೇ. ಡೊಮಿತಿಲಾ ಎಡಗೈಯ ಟೊಪ್ಪಿಯನ್ನು ನೆಲಕ್ಕೆ ಬಿಟ್ಟಳು.

"ಅಯ್ಯೋ, ಹೋಯ್ತಲ್ಲ ನನ್ನ ಟೊಪ್ಪಿ!"

"ನಿಮಗೆ ವಯಸ್ಸಾಯ್ತು ಅತ್ತಿಗೆ, ಒಪ್ಕೊಳ್ಳಿ. ನಾಳೆಯಿಂದ ಬೇಕಾದ್ರೆ ನಾನು ಎಡಗೈಲಿ ಆಡ್ತೀನಿ. ನಿಮಗೂ ಸ್ವಲ್ಪ ಸಮಾಧಾನ ಆಗ್ಲಿ."

"ನಿನ್ನ ಮುಂದೆ ನಿಲ್ಲೋಕೆ ಯಾರಿಂದ ಆಗತ್ತಪ್ಪ," ಎಂದು ಅವಳು ಒಲೆಯತ್ತ ತಿರುಗಿದಳು. ನಗು ತಡೆಯಲಾಗದಾಗ ಒಲೆಯ ಕಡೆ ತಿರುಗುವುದು ಅವಳ ಅಭ್ಯಾಸ. ಕೆಂಪಾದ ಮುಖಕ್ಕೆ ಅಲ್ಲಿ ಬೇರೆ ಕಾರಣ ಸಿಗುತ್ತದೆ.

ಎಲ್ ತೊಕುಯೊ ಊರಿನ ದೊಣ್ಣೆವರಸೆಯಲ್ಲಿ ಬಲಗೈಗೆ ವೆರಾ ಮರದ ದೊಣ್ಣೆ, ಎಡಗೈಗೆ ಗುರಾಣಿಯ ಬದಲು ಟೊಪ್ಪಿ. ಟೊಪ್ಪಿ ನೆಲ ಮುಟ್ಟಿತೋ, ಸೋತಂತೆ. ಮದುವೆಯಾದ ವರ್ಷದಿಂದ ದೋನ್ ನಿಕಾಸಿಯೊ ತೊರ್ರೆಯಾಲ್ಬಾ ಅವರ ಅಂಗಳದಲ್ಲಿ ಕಲಿತ ಡೊಮಿತಿಲಾಳ ಟೊಪ್ಪಿಯನ್ನು ಗುರುವಿನ ಹೊರತು ಯಾರೂ ಬೀಳಿಸಿದ್ದಿಲ್ಲ. ಏವರಿಸ್ತೊ ಬೀಳಿಸುವುದಂತೂ ದೂರದ ಮಾತು. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದರೆ ಅವನ ಕೈ ಬಲು ನಾಜೂಕು. ದೊಣ್ಣೆ ಹಿಡಿದರೆ ಹಗ್ಗ ಬಿಚ್ಚಿದ ಗೂಳಿ. ಸಂತ ಆಂತೊನಿಯೊನ ಹಬ್ಬದಲ್ಲಿ ವಿಗ್ರಹದ ಮುಂದೆ ಇಬ್ಬರು ದೊಣ್ಣೆ ಆಡುವುದು ಪದ್ಧತಿ. ಬೀಸಬೇಕು, ತಾಗಿಸಬಾರದು. ಹಿಂದೊಮ್ಮೆ ಏವರಿಸ್ತೊ ಆಡಿದಾಗ ಅವನ ದೊಣ್ಣೆ ಎದುರಾಳಿಗೆ ತಾಗಲಿಲ್ಲ, ನಿಜ. ಎದುರಾಳಿಯನ್ನು ದಾಟಿ ಹೋಗಿ ವಾದ್ಯದವನ ನಾಲ್ಕು ತಂತಿಯ ಕ್ವಾತ್ರೊದ ಹೊಟ್ಟೆಯನ್ನೇ ಒಡೆಯಿತು. ಅಂದಿನಿಂದ ಅವನು ದೊಣ್ಣೆ ಎತ್ತಿದರೆ ಸಾಕು, ವಾದ್ಯದವರು ಕುರ್ಚಿಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಅಂಥವನ ಕೈಯಲ್ಲಿ ಅವಳು ಸೋಲಲು ಕಾರಣ ಗುರುವಿನ ಒಂದು ಷರತ್ತು.

ಗುರುವಿನ ಮೊಣಕಾಲು ಕೈಕೊಟ್ಟು, ಅಂಗಳದಲ್ಲಿ ಈಗ ಕೋಳಿಗಳು ಮಾತ್ರ ಓಡಾಡುತ್ತಿದ್ದವು. ಬೀದಿಯ ಮೂವರು ಹುಡುಗಿಯರು ಡೊಮಿತಿಲಾಳ ಬೆನ್ನು ಹತ್ತಿದ್ದರು, ನಮಗೆ ನೀವೇ ಕಲಿಸಿ ಎಂದು. ತಾಯಂದಿರು ಮಾತ್ರ ಒಂದೇ ಮಾತು ಕೇಳಿದರು: "ದೋನ್ ನಿಕಾಸಿಯೊ ಹೂಂ ಅಂದಿದಾರಾ?" ಗುರು ಊರ ಮುಂದೆ ಹೂಂ ಎನ್ನದೆ ಅಂಗಳ ತೆರೆದು ಕಲಿಸಿದವರ ದೊಣ್ಣೆ ಒಲೆಗೆ ಹೋಗಬೇಕು, ಅದು ಹಿಂದಿನಿಂದ ಬಂದ ಕಟ್ಟಳೆ. ಮುದುಕ ಹೂಂ ಎನ್ನದೆಯೇ ಕಣ್ಣು ಮುಚ್ಚಿದರೆ ಡೊಮಿತಿಲಾ ಕೊನೆಯವರೆಗೂ ರೊಟ್ಟಿ ಮಾರುವವಳು, ಅಷ್ಟೇ.

ಹಾಗಾಗಿ ಒಂದು ದಿನ ಬಿಸಿ ರೊಟ್ಟಿ ಕಟ್ಟಿಕೊಂಡು ಹೋಗಿ ಕೇಳಿದಳು. "ಗುರುಗಳೇ, ಅಪ್ಪಣೆ ಕೊಡಿ."

ದೋನ್ ನಿಕಾಸಿಯೊ ರೊಟ್ಟಿಯನ್ನು ಕಾಫಿಯಲ್ಲಿ ಅದ್ದಿ, ಮೆತ್ತಗಾದ ತುದಿಯನ್ನು ಕಚ್ಚಿದರು. "ನಿಂಗೆ ಆಡೋಕೆ ಬರತ್ತೆ ಮಗಳೇ. ಆ ದರಿದ್ರ ಎಡ ಹಿಮ್ಮಡಿ ಒಂದು ಬಿಟ್ಟು."

ಎಂದೋ ಕಾದ ತಗಡೊಂದು ಬಿದ್ದು ಅವಳ ಎಡ ಹಿಮ್ಮಡಿ ಸುಟ್ಟಿತ್ತು. ಗಾಯ ಮಾಯಿತು, ಅಭ್ಯಾಸ ಉಳಿಯಿತು: ದೊಣ್ಣೆ ನಿಲ್ಲಿಸುವ ಮೊದಲು ಆ ಹಿಮ್ಮಡಿ ನೆಲದ ಮೇಲೆ ಕೈವಾರ ಇಟ್ಟು ಎಳೆದಂತೆ ಒಂದು ಅರ್ಧವೃತ್ತ ಬರೆಯುತ್ತಿತ್ತು. ಗುರು ಬೈದು ಬೈದು ಸುಸ್ತಾಗಿದ್ದರು.

"ಆಡೋದು ಬೇರೆ, ಆಡಿಸೋದು ಬೇರೆ," ಎಂದರು ಮುದುಕ. "ನೀನು ಕಲಿಸಿದ ಒಬ್ಬನ್ನ ಸಂತನ ಮುಂದೆ ನಿಲ್ಲಿಸು. ಆಮೇಲೆ ನೋಡೋಣ."

"ನಿಮ್ಮ ಅಪ್ಪಣೆ ಇಲ್ದೆ ಕಲಿಸಿದ್ರೆ?"

"ದೊಣ್ಣೆ ಒಲೆಗೆ."

"ಕಲಿಸದೆ ಅಪ್ಪಣೆ ಕೇಳಿದ್ರೆ?"

"ಕೊಡಲ್ಲ."

"ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂದಹಾಗಾಯ್ತು!"

"ಹೌದು. ನನ್ನ ಗುರು ನಂಗೂ ಹಿಂಗೇ ಮಾಡಿದ್ದ. ಇನ್ನೊಂದು ರೊಟ್ಟಿ ಇದೆಯಾ?"

ಮನೆಗೆ ನಡೆಯುವ ದಾರಿಯಲ್ಲಿ ಡೊಮಿತಿಲಾ ಆ ಷರತ್ತನ್ನು ಕಣಕದಂತೆ ನಾದಿದಳು. ಕಲಿಯುವವನಿಗೇ ತಾನು ಕಲಿಯುತ್ತಿದ್ದೇನೆಂದು ಗೊತ್ತಿಲ್ಲದಿದ್ದರೆ? ಆಗ ಕಲಿಸಿದಳೆಂದು ದೂರು ಹೇಳುವವರು ಯಾರು? ತನಗೆ ಒಬ್ಬರು ಏನನ್ನಾದರೂ ಕಲಿಸಬಲ್ಲರು ಎಂಬ ಅನುಮಾನವೇ ಸುಳಿಯದ ಮನುಷ್ಯ ಊರಲ್ಲಿ ಯಾರಿದ್ದಾನೆ? ಅಷ್ಟು ಹೊತ್ತಿಗೆ ಮನೆ ಬಂತು. ಏವರಿಸ್ತೊ ಎಂದಿನಂತೆ ಬಿಟ್ಟಿ ರೊಟ್ಟಿಗಾಗಿ ಹೊಸಿಲ ಮೇಲೆ ಕುಳಿತಿದ್ದ.

ಅಂದಿನಿಂದ ಆಟ ಶುರುವಾಯಿತು. ಅವನ ದೊಣ್ಣೆ ರಭಸದಿಂದ ಬಂದರೆ ಅವಳು ಸರಿಯುತ್ತಿದ್ದಳು. ಪೆಟ್ಟು ಹಿಂದಿನ ನಿಂಬೆ ಗಿಡಕ್ಕೆ. ಕೊನೆಯಲ್ಲಿ ಒಂದಿಷ್ಟು ತಡೆದು ಬಂದರೆ ಟೊಪ್ಪಿ ಬೀಳುತ್ತಿತ್ತು, ಜೊತೆಗೆ ಹೊಗಳಿಕೆ ಮತ್ತು ಬಿಸಿ ರೊಟ್ಟಿ. ತನ್ನ ಸರದಿಯಲ್ಲಿ ಅವಳು ದೊಣ್ಣೆಯನ್ನು ಅವನ ಮೂಗಿನ ಮುಂದೆ ತಂದು ನಿಲ್ಲಿಸುತ್ತಿದ್ದಳು. ಮೊದಮೊದಲು ನಿಂಬೆಕಾಯಿ ಬುಟ್ಟಿಗಟ್ಟಲೆ ಉದುರಿದವು. ಒಮ್ಮೆ ಅವಳ ಮಣಿಕಟ್ಟು ಬದನೆಕಾಯಿಯಂತೆ ಊದಿತು. ಕೇಳಿದ ಗಿರಾಕಿಗಳಿಗೆ, ಒಲೆಯ ಬಾಗಿಲು ಬಡಿಯಿತು ಎಂದಳು. ಮುಂದಿನ ಮಳೆಗಾಲಕ್ಕೆ ನಿಂಬೆ ಗಿಡ ಚಿಗುರಿತು. ಏವರಿಸ್ತೊ ಗೆಲ್ಲುತ್ತ ಗೆಲ್ಲುತ್ತ ದೊಣ್ಣೆ ನಿಲ್ಲಿಸುವುದನ್ನು ಕಲಿತಿದ್ದ.

ಅವಳು ಲೆಕ್ಕ ಹಾಕದೆ ಬಿಟ್ಟದ್ದು ಒಂದೇ, ಅವನ ಬಾಯಿ. ಗಂಟಲ ಮೇಲೆ ಕ್ಷೌರದ ಕತ್ತಿ ಇಡಿಸಿಕೊಂಡ ಗಿರಾಕಿ ಎದ್ದು ಹೋಗುವ ಹಾಗಿಲ್ಲ, ಕೇಳಲೇಬೇಕು. ಅತ್ತಿಗೆಯನ್ನು ದಿನವೂ ಸೋಲಿಸುವ ಕಥೆ ಹೀಗೆ ಊರೆಲ್ಲ ಹರಡಿತು. ಕೊನೆಗೊಂದು ದಿನ ತಾನೇ ಅಂಗಳ ತೆರೆಯುತ್ತೇನೆಂದು ಅವನು ದೋನ್ ನಿಕಾಸಿಯೊ ಬಳಿ ಹೋಗಿ ಅಪ್ಪಣೆ ಕೇಳಿದ. "ಹಬ್ಬದ ದಿನ ನಿನ್ನ ಅತ್ತಿಗೆ ಜೊತೆ ಆಡು, ನೋಡೋಣ," ಎಂದರಂತೆ ಅವರು.

ಮೂವರು ಹುಡುಗಿಯರಲ್ಲಿ ಒಬ್ಬಳ ತಾಯಿ ರೊಟ್ಟಿ ಕೊಳ್ಳಲು ಬಂದವಳು ಹೇಳಿಯೇಬಿಟ್ಟಳು. "ಬೇಜಾರು ಮಾಡ್ಕೋಬೇಡಿ ಅಕ್ಕ. ನೀವೇ ಅವನ ಕೈಲಿ ಸೋಲೋದಾದ್ರೆ ಮಕ್ಕಳನ್ನ ಅವನ ಹತ್ರಾನೇ ಕಳಿಸ್ತೀವಿ."

ಆ ದಿನ ರೊಟ್ಟಿ ಸೀದಿತು.

ಹಬ್ಬದ ದಿನ ದೊಣ್ಣೆ ಹಿಡಿದು ಸಂತನ ಮುಂದೆ ನಿಂತಾಗಲೂ ಡೊಮಿತಿಲಾಳ ಮನಸ್ಸು ಗಟ್ಟಿಯಾಗಿರಲಿಲ್ಲ. ಒಂದು ಏಟಿಗೆ ಇವನ ಟೊಪ್ಪಿ ಹಾರಿಸಬಹುದು. ಹಾರಿಸಿದರೆ ಹುಡುಗಿಯರ ತಾಯಂದಿರು ಮರಳುತ್ತಾರೆ, ಆದರೆ ಗುರುವಿಗೆ ತೋರಿಸಲು ಶಿಷ್ಯನೇ ಇರುವುದಿಲ್ಲ. ಸೋತರೆ ಶಿಷ್ಯ ಉಳಿಯುತ್ತಾನೆ, ಮಾನ ಹೋಗುತ್ತದೆ. ಡೋಲು ಶುರುವಾಯಿತು. ವಾದ್ಯದವರು ಕುರ್ಚಿ ಹಿಂದಕ್ಕೆ ಎಳೆದುಕೊಂಡರು. ಅದನ್ನು ಕಂಡು ಅವಳಿಗೆ ಸಿಟ್ಟು ಬಂತು. ಆಶ್ಚರ್ಯವೆಂದರೆ, ಏವರಿಸ್ತೊನ ಪರವಾಗಿ. ಇಷ್ಟು ದಿನ ಕಷ್ಟಪಟ್ಟು ತಿದ್ದಿದ ಕೈಯನ್ನು ಇವರು ಇನ್ನೂ ನಂಬುವುದಿಲ್ಲವೇ?

ಅವಳು ಅವನಿಗೆ ಸುಲಭ ಕೊಡಲಿಲ್ಲ. ಅವನ ದೊಣ್ಣೆ ನುಗ್ಗಬಹುದಾದ ಒಂದೊಂದೇ ಬಾಗಿಲು ಮುಚ್ಚುತ್ತ ಹೋಗಿ ಕೊನೆಗೆ ಒಂದನ್ನು ಮಾತ್ರ ತೆರೆದಿಟ್ಟಳು, ಎಲ್ಲಕ್ಕಿಂತ ಕಷ್ಟದ್ದನ್ನು. ಏವರಿಸ್ತೊ ಅದರೊಳಗೆ ನುಗ್ಗಿದ. ದೊಣ್ಣೆ ಬೀಸಿ ಬಂದು ಅವಳ ಹುಬ್ಬಿನ ಮುಂದೆ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತು. ಅವಳ ಟೊಪ್ಪಿ ನೆಲಕ್ಕೆ ಬಿತ್ತು.

ಜನ ಕೂಗಿದರು. ವಾದ್ಯದವರು ಕುರ್ಚಿ ಮುಂದಕ್ಕೆ ಸರಿಸಿಕೊಂಡರು. ಹಳೆಯ ಆಟಗಾರರು ಮಾತ್ರ ದೊಣ್ಣೆಯನ್ನು ನೋಡುವುದಿಲ್ಲ, ಪಾದ ನೋಡುತ್ತಾರೆ. ಅವರಲ್ಲಿ ಇಬ್ಬರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದು, ಮುಖಕ್ಕೆ ಟೊಪ್ಪಿ ಅಡ್ಡ ಹಿಡಿದು ಕೆಮ್ಮಿದರು. ದೊಣ್ಣೆ ನಿಲ್ಲುವ ಮೊದಲು ಏವರಿಸ್ತೊನ ಎಡ ಹಿಮ್ಮಡಿ ಧೂಳಿನಲ್ಲಿ ಒಂದು ಅರ್ಧವೃತ್ತ ಬರೆದಿತ್ತು. ಅವನ ಹಿಮ್ಮಡಿ ಎಂದೂ ಸುಟ್ಟಿರಲಿಲ್ಲ.

ದೋನ್ ನಿಕಾಸಿಯೊ ಕೋಲೂರಿಕೊಂಡು ಎದ್ದರು. "ಚೆನ್ನಾಗಿ ಆಡ್ದೆ ಕಣೋ. ಯಾರು ಕಲಿಸಿದ್ದು?"

"ನಂಗ್ಯಾರು ಕಲಿಸ್ತಾರೆ ಗುರುಗಳೇ? ಹುಟ್ಟಿದಾಗಿಂದ ರಕ್ತದಲ್ಲೇ ಇದೆ."

"ಗುರುವೇ ಇಲ್ವಾ?"

"ಇಲ್ವೇ ಇಲ್ಲ!" ಎಂದು ಅವನು ಎದೆಯುಬ್ಬಿಸಿ ಊರಿಗೆಲ್ಲ ಕೇಳುವಂತೆ ಹೇಳಿದ.

"ಗುರು ಇಲ್ದೋನಿಗೆ ಅಪ್ಪಣೆ ಎಲ್ಲಿಂದ ತರ್ಲಪ್ಪ," ಎಂದರು ಮುದುಕ. ನೆಲದ ಮೇಲಿದ್ದ ಟೊಪ್ಪಿಯನ್ನೆತ್ತಿ ಧೂಳು ಕೊಡವಿ ಡೊಮಿತಿಲಾಳ ತಲೆಗಿಟ್ಟರು. ಊರ ಮುಂದೆ ಗಟ್ಟಿಯಾಗಿ, "ಹೂಂ," ಎಂದರು. ಆಮೇಲೆ ಅವಳ ಕಿವಿಯಲ್ಲಿ: "ಒಳ್ಳೇದನ್ನ ಯಾರ ಹತ್ರ ಬೇಕಾದ್ರೂ ಕದೀಬಹುದು. ತಪ್ಪು ಗುರುವಿಂದಾನೇ ಬರಬೇಕು."

ಆ ಹೂಂ ಅನ್ನು ಏವರಿಸ್ತೊ ಸೋತವಳಿಗೆ ಹೇಳಿದ ಸಮಾಧಾನ ಎಂದುಕೊಂಡ. ಅವನ ಮನಸ್ಸು ದೊಡ್ಡದು. "ಇರ್ಲಿ ಗುರುಗಳೇ, ಪಾಪ, ಅತ್ತಿಗೆ ಮಕ್ಕಳಿಗೆ ಹೇಳ್ಕೊಡ್ಲಿ. ನಂಗ್ಯಾಕೆ ಆ ರಗಳೆ," ಎಂದು ಎಲ್ಲರಿಗೂ ತನ್ನ ದುಡ್ಡಿನಲ್ಲೇ ಕೊಕುಯ್ ಸಾರಾಯಿ ಕುಡಿಸಿದ. ಹೂಂ ಎಂದ ಮೇಲೆ ಮುಗಿಯಿತು. ಮರುದಿನವೇ ಮೂವರು ಹುಡುಗಿಯರು ಹಿತ್ತಿಲಿಗೆ ಬಂದರು.

ಸಂಜೆಯ ಆಟ ಮಾತ್ರ ನಿಲ್ಲಲಿಲ್ಲ. ಅಂಥ ಒಳ್ಳೆಯ ಶಿಷ್ಯನನ್ನು ಬಿಡುವುದು ಹೇಗೆ? ಅವನ ಕ್ಷೌರದಂಗಡಿಯ ಕಿಟಕಿ ಹಿತ್ತಿಲ ಗೋಡೆಯಾಚೆಗೇ ಇದೆ. ಒಂದು ದಿನ ಹೊಸದಾಗಿ ಸೇರಿದ ಪುಟ್ಟ ಹುಡುಗಿ ದೊಣ್ಣೆ ಕೆಳಗಿಟ್ಟು ಕೇಳಿದಳು. "ಅಕ್ಕಾ, ಏವರಿಸ್ತೊ ಮಾಮ ನಿಮ್ಮನ್ನ ಎಷ್ಟು ಸಲ ಸೋಲ್ಸಿದಾರೆ?"

ಗೋಡೆಯಾಚೆ ಕತ್ತರಿಯ ಸದ್ದು ನಿಂತಿತು. ಡೊಮಿತಿಲಾ ಒಲೆಯತ್ತ ತಿರುಗಿ, ಕಿಟಕಿಗೆ ಸ್ಪಷ್ಟವಾಗಿ ಕೇಳುವಂತೆ ದನಿಯೆತ್ತಿ ಹೇಳಿದಳು:

"ನಾನೂರ ಹನ್ನೆರಡು ಸಲ."