ಬಿಸಿಲಿಗೆ ಬಿದ್ದ ಜಾಜ್

ಗೆಳೆಯರೇ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತು ಮಧ್ಯಾಹ್ನ ಮಿಲ್ಲಿನ ಮೊದಲ ಪಾಳಿ ಮುಗಿಸಿ ದಾಂಡೇಲಿಯ ಮನೆಗೆ ಬಂದರೆ, ಮಾಳಿಗೆಯಲ್ಲಿ ಹಾಸಿದ ಹಳೇ ಸೀರೆಯ ಮೇಲೆ ನನ್ನ ಜಾಜ್ ಸಂಗೀತದ ಗ್ರಾಮಫೋನ್ ರೆಕಾರ್ಡುಗಳು ಹಪ್ಪಳದ ಹಾಗೆ ಒಣಗುತ್ತಿದ್ದವು! ಗೋವಾ, ಬೆಳಗಾವಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಧೂಳು ಕುಡಿದು ಕೂಡಿಸಿದವು. ಬಿಸಿಲಿಗೆ ಮೆತ್ತಗಾಗಿ ಒಂದೊಂದೂ ಬೋಗುಣಿಯ ಆಕಾರಕ್ಕೆ ಬಂದಿತ್ತು.

ಹಳಿಯಾಳದಿಂದ ಬಂದಿರುವ ನನ್ನ ಅಕ್ಕನ ಕೆಲಸ ಇದು. ಮಳೆಗಾಲ ಮುಗಿದ ಕೂಡಲೇ ಹಾಸಿಗೆ, ಬೇಳೆ ಎಲ್ಲವನ್ನೂ ಬಿಸಿಲಿಗೆ ಹಾಕದಿದ್ದರೆ ಅವಳಿಗೆ ಸಮಾಧಾನವಿಲ್ಲ.

"ಅಕ್ಕಾ, ಏನ ಮಾಡಿಟ್ಟಿ ಇದು?" ಎಂದು ಚೀರಿದೆ.

"ಮುಗ್ಗು ವಾಸನಿ ಹೊಡೀತಿದ್ವೋ ತಮ್ಮಾ. ಸೋಪಿನ ಪುಡಿ ಹಾಕಿ ತಿಕ್ಕಿ ಒಣಗಾಕ ಹಾಕೇನಿ. ಹಾಡು ಕೇಳಾಕ ಮೊಬೈಲ್ ಐತಲ್ಲ, ಯಾಕ ಹಿಂಗ ಒದರಾಕತ್ತಿ?"

ಒಳಗೆ ಓಡಿದೆ. ಕಪಾಟಿನಲ್ಲಿ ಅರ್ಧದಷ್ಟು ರೆಕಾರ್ಡುಗಳು, ಪುಸ್ತಕಗಳು, ಸಿನಿಮಾ ಡಿವಿಡಿಗಳು ಉಳಿದಿದ್ದವು.

"ಅವನ್ನ ನಾಳೆ ಹಾಕ್ತೇನಿ" ಎಂದಳು ಹಿಂದಿನಿಂದ.

ದೇವರ ಜಗಲಿಯ ಮೇಲೆ ಒಂದು ಹಿಂದೂಸ್ತಾನಿ ರೆಕಾರ್ಡು ಮಾತ್ರ ಹೂವು ಏರಿಸಿಕೊಂಡು ತಂಪಾಗಿ ಕೂತಿತ್ತು. ಅದರ ಹೊದಿಕೆಯ ಮೇಲೆ ವಿಠ್ಠಲನ ಚಿತ್ರವಿದೆ.

"ದೇವರ ಫೋಟೋ ಇದ್ದದ್ದನ್ನ ಬಿಸಲಾಗ ಹೆಂಗ ಒಗೀಲಿ? ಪಾಪ ಬರೂದಿಲ್ಲೇನು?" ಎಂದಳು ಅಕ್ಕ.

ಸರಿ. ಸಂಜೆ ಪೇಟೆಗೆ ಹೋಗಿ ದೇವರ ಚಿತ್ರಗಳ ಒಂದು ಕಟ್ಟನ್ನೇ ತಂದೆ. ಈಗ ಕೂತು ಉಳಿದ ರೆಕಾರ್ಡು, ಪುಸ್ತಕ, ಡಿವಿಡಿ ಎಲ್ಲಕ್ಕೂ ಅಂಟಿಸುತ್ತಿದ್ದೇನೆ. ಸ್ಯಾಕ್ಸಫೋನ್ ಊದುವವನ ಪಕ್ಕದಲ್ಲಿ ಮಾರುತಿ ಗದೆ ಹಿಡಿದು ನಿಂತಿದ್ದಾನೆ. ಮನೆಗೆ ಬಂದವರು ನಗಬೇಡಿ, ಕೈಮುಗಿದು ಒಳಗೆ ಬನ್ನಿ.